ಶೂನ್ಯವೇ, ಖಾಲಿಯೇ?



ಮಳೆಗಾಲದಲ್ಲಿ ನಮ್ಮ ನಂದೊಳ್ಳಿಯಲ್ಲಿ ಇಬ್ಬರು ಎದುರಾದರೆ ಮೊದಲು ಕೇಳುವುದು "ನಿಮ್ಮಲ್ಲಿ ಎಷ್ಟು ಬಿತ್ತು?" ಎಂದೇ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕೆಂದು ಮನೆಯಂಗಳದಲ್ಲಿ ಮಳೆಮಾಪಕ ಇಟ್ಟ. ಹವಾಮಾನ ಇಲಾಖೆಯ ರೂಢಿಯಂತೆ ದಿನವೂ ಬೆಳಿಗ್ಗೆ 8.30ಕ್ಕೆ ಅಳೆದು ಕಂಪ್ಯೂಟರಿನಲ್ಲಿ ಬರೆದಿಟ್ಟ. ಅಷ್ಟಕ್ಕೇ ನಿಲ್ಲದೆ ಪೈಥಾನ್ ಭಾಷೆಯಲ್ಲಿ ಎರಡು ಪುಟ್ಟ ಪ್ರೋಗ್ರಾಂಗಳನ್ನೂ ಬರೆದ. ಮೊದಲನೆಯದು ದಿನವಾರು ಮಳೆಯ ಲೆಕ್ಕ ಹೇಳಬೇಕು. ಎರಡನೆಯದು ಆ ಲೆಕ್ಕ ಓದಿ ಗ್ರಾಫ್ ಬಿಡಿಸಬೇಕು.

ಇವುಗಳಿಗೆ ಮೌಸ್ ಬೇಡ, ಚಿತ್ರಗಳೂ ಬೇಡ. ಪರದೆಯ ಮೇಲೆ ಆದೇಶವನ್ನು ಟೈಪ್ ಮಾಡಿದರಾಯಿತು. ಇವೇ 'ಕಮಾಂಡ್ ಲೈನ್' ಸಾಧನಗಳು. ಒಂದರ ಉತ್ತರವನ್ನು ಇನ್ನೊಂದಕ್ಕೆ ನೇರವಾಗಿ ಹರಿಸಬಹುದು, ಅಬ್ಬಿಯ ನೀರು ಅಡಿಕೆ ದಬ್ಬೆಯಲ್ಲಿ ಮನೆಗೆ ಬರುವ ಹಾಗೆ. ಯುನಿಕ್ಸ್ ವ್ಯವಸ್ಥೆಗೆ 1973ರಲ್ಲಿ ಈ ಅನುಕೂಲ ಬಂತು. ಅದಕ್ಕೆ 'ಪೈಪ್' ಎಂದೇ ಹೆಸರು.

ಗ್ರಾಫ್ ಚೆನ್ನಾಗಿಯೇ ಬಂತು. ಆದರೆ ಹುಡುಗನ ತಂದೆ ಅದನ್ನು ನೋಡಿ ನಕ್ಕುಬಿಟ್ಟರು: "ಮಾಸ್ತರೇ, ಜುಲೈ 16ಕ್ಕೆ ಹಳ್ಳದ ನೀರು ತೋಟಕ್ಕೇ ನುಗ್ಗಿತ್ತು. ನಿಮ್ಮ ಚಿತ್ರದಲ್ಲಿ ಆ ದಿನ ಮಳೆಯೇ ಇಲ್ಲವಲ್ಲ!"

ಹುಡುಕಿದಾಗ ಕಾರಣ ಸಿಕ್ಕಿತು. ಮೊದಲ ಪ್ರೋಗ್ರಾಂ ಮನುಷ್ಯರು ಓದಲೆಂದು ಹೀಗೆ ಬರೆಯುತ್ತಿತ್ತು: "ಜುಲೈ 15: 62 ಮಿ.ಮೀ. ಮಳೆ", "ಜುಲೈ 16: ಅಬ್ಬಾ! ಬಾಟಲಿ ತುಂಬಿ ಹರಿದಿದೆ", "ಜುಲೈ 17: 58 ಮಿ.ಮೀ. ಮಳೆ". ಎರಡನೆಯದು 'ಮಿ.ಮೀ.' ಹಿಂದಿನ ಅಂಕಿ ಹುಡುಕುತ್ತಿತ್ತು. ಅದು ಸಿಗದಿದ್ದರೆ ಸೊನ್ನೆ ಎಂದುಕೊಳ್ಳುತ್ತಿತ್ತು. 'ಅಬ್ಬಾ' ಎಂದರೆ ನಮಗೆ ಅರ್ಥವಾಗುತ್ತದೆ, ಯಂತ್ರಕ್ಕೆ ಆಗುವುದಿಲ್ಲ. ಅತಿ ಹೆಚ್ಚು ಮಳೆ ಸುರಿದ ದಿನವೇ ಮಳೆಯಿಲ್ಲದ ದಿನವಾಯಿತು! ಮೂರು ದಿನದ ಸರಾಸರಿ 40 ಮಿ.ಮೀ. ಎಂದು ಬಂತು. ನಿಜದಲ್ಲಿ ಉಳಿದೆರಡು ದಿನದ ಸರಾಸರಿಯೇ 60.

ಇದು ಬರೀ ಹುಡುಗಾಟವೇ? ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರ ನಿಂತಿರುವುದು ಇಂಥ ಅಂಕಿಗಳ ಮೇಲೆಯೇ. 'ಮಳೆ ಇಲ್ಲ' ಎನ್ನುವುದು ಬೇರೆ, 'ಅಳತೆ ಇಲ್ಲ' ಎನ್ನುವುದು ಬೇರೆ.

ನಾವು ಮೊದಲ ಪ್ರೋಗ್ರಾಮಿನ ಉತ್ತರದ ರೂಪವನ್ನೇ ಬದಲಿಸಿದೆವು. ದಿನಾಂಕ, ಮಳೆ, ಸ್ಥಿತಿ ಎಂದು ಮೂರು ಕಲಂ, ನಡುವೆ ಅಲ್ಪವಿರಾಮ. ಆ ದಿನದ ಸಾಲು ಈಗ ಹೀಗಿದೆ: 2025-07-16,,ತುಂಬಿ ಹರಿದಿದೆ. ಎರಡು ಅಲ್ಪವಿರಾಮಗಳ ನಡುವೆ ಏನೂ ಇಲ್ಲ, ಅಂದರೆ ಅದು ಖಾಲಿ, ಸೊನ್ನೆಯಲ್ಲ. ಗ್ರಾಫ್ ಬಿಡಿಸುವ ಪ್ರೋಗ್ರಾಮಿಗೂ ಖಾಲಿ ಕಂಡರೆ ಜಾಗ ಬಿಡಲು ಹೇಳಿಕೊಟ್ಟೆವು. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆದರೆ ದಿನಾಂಕಗಳು ತಾವಾಗಿಯೇ ಸರಿಯಾಗಿ ಜೋಡಣೆಯಾಗುತ್ತವೆ. 'ಅಬ್ಬಾ' ಎಂಬಂಥ ಮಾತುಗಳನ್ನು ಕಳಿಸಲು ಯುನಿಕ್ಸಿನಲ್ಲಿ ಬೇರೆಯೇ ದಾರಿಯಿದೆ. ಕುಡಿಯುವ ನೀರಿಗೂ ಬಚ್ಚಲ ನೀರಿಗೂ ಒಂದೇ ದಬ್ಬೆ ಹಾಕುತ್ತೇವೆಯೇ?

ಈ ರೂಪಕ್ಕೆ ಸಿ.ಎಸ್.ವಿ. ಎನ್ನುತ್ತಾರೆ. ಇದರಲ್ಲೂ ಒಂದು ಎಚ್ಚರ ಬೇಕು. ಅಡಿಕೆ ದರವನ್ನು 47,500 ಎಂದು ಬರೆದಿರೋ, 47 ಒಂದು ಕಲಮಿಗೆ, 500 ಇನ್ನೊಂದಕ್ಕೆ ಹೋಗುತ್ತದೆ! 47500 ಎಂದೇ ಬರೆಯಿರಿ. ಒಂದೇ ದಿನಕ್ಕೆ ಹಲವು ಅಳತೆ, ಹಲವು ಟಿಪ್ಪಣಿಗಳಿದ್ದರೆ 'ಜೇಸನ್' ಎಂಬ ರೂಪ ಒಳ್ಳೆಯದು. ಅದರಲ್ಲಿ ಖಾಲಿಗೆ 'ನಲ್' ಎಂಬ ಪ್ರತ್ಯೇಕ ಗುರುತೇ ಇದೆ.

ಕಲಮಿನ ಹೆಸರಿನಲ್ಲೇ ಮಾನವನ್ನೂ ಸೇರಿಸಿ 'ಮಳೆ_ಮಿಮೀ' ಎಂದೆವು. ಮಾನವಿಲ್ಲದ ಉತ್ತರಕ್ಕೆ ನಾನು ಪರೀಕ್ಷೆಯಲ್ಲಿ ಅಂಕ ಕತ್ತರಿಸಿದರೆ ಪಾಲಕರು ಬೇಸರಪಡುತ್ತಾರೆ. ಅವರಿಗೆ ಮಂಗಳಯಾನದ ಈ ಕಥೆ ಹೇಳುತ್ತೇನೆ. ಅಮೆರಿಕದ ನಾಸಾ 1998ರ ಡಿಸೆಂಬರಿನಲ್ಲಿ 'ಮಾರ್ಸ್ ಕ್ಲೈಮೇಟ್ ಆರ್ಬಿಟರ್' ಎಂಬ ನೌಕೆಯನ್ನು ಹಾರಿಸಿತು. ಭೂಮಿಯ ಮೇಲಿನ ಒಂದು ತಂತ್ರಾಂಶ ಅದರ ತಳ್ಳುಬಲದ ಲೆಕ್ಕವನ್ನು ಪೌಂಡ್-ಸೆಕೆಂಡುಗಳಲ್ಲಿ ಬರೆಯುತ್ತಿತ್ತು. ಅದನ್ನು ಓದುವ ತಂತ್ರಾಂಶ ನ್ಯೂಟನ್-ಸೆಕೆಂಡು ಎಂದೇ ತಿಳಿದಿತ್ತು. ಇವೆರಡರ ನಡುವೆ ಸುಮಾರು 4.45 ಪಟ್ಟು ವ್ಯತ್ಯಾಸ! 1999ರ ಸೆಪ್ಟೆಂಬರ್ 23ರಂದು ಮಂಗಳಕ್ಕೆ ತೀರಾ ಹತ್ತಿರ ಸರಿದ ನೌಕೆ ಶಾಶ್ವತವಾಗಿ ಕಳೆದುಹೋಯಿತು.

ಹಾಗಾದರೆ ಮನುಷ್ಯರಿಗೆ ಓದಲು ಚೆಂದದ ಉತ್ತರ ಬೇಡವೇ? ಬೇಕು, ಅದು ಬೇರೆಯಾಗಿ ಇರಲಿ. ಪ್ರೋಗ್ರಾಮಿನ ಬದಲಾವಣೆಗಳ ಲೆಕ್ಕವಿಡುವ 'ಗಿಟ್' ಎಂಬ ಸಾಧನದಲ್ಲಿ ಎರಡೂ ಉಂಟು. 'ಸ್ಟೇಟಸ್' ಎಂದು ಕೇಳಿದರೆ ನಮಗಾಗಿ ವಿವರವಾಗಿ ಹೇಳುತ್ತದೆ. ಜೊತೆಗೆ 'ಪೋರ್ಸಿಲಿನ್' ಎಂದು ಸೇರಿಸಿದರೆ ಬೇರೆ ಪ್ರೋಗ್ರಾಂ ಓದಲೆಂದೇ ಚುಟುಕಾಗಿ ಕೊಡುತ್ತದೆ. ಸಾಧನದ ಹೊಸ ಆವೃತ್ತಿ ಬಂದರೂ ಆ ರೂಪ ಬದಲಾಗುವುದಿಲ್ಲ ಎಂಬ ಭರವಸೆಯೂ ಇದೆ.

ಈ ವಾರ ನೀವೂ ಮಾಡಿ ನೋಡಿ. ಮನೆಯ ಹಾಲಿನ ಲೆಕ್ಕವನ್ನೋ ಕರೆಂಟ್ ಮೀಟರಿನ ಅಂಕಿಯನ್ನೋ ಏಳು ದಿನ ಕಲಂ ಹಾಕಿ ಬರೆಯಿರಿ. ಬರೆಯಲು ಮರೆತ ದಿನ ಸೊನ್ನೆ ಹಾಕಬೇಡಿ, ಖಾಲಿ ಬಿಡಿ. ಪಾಲಕರೇ, ಖಾಲಿ ಬಿಟ್ಟದ್ದಕ್ಕೆ ಮಕ್ಕಳನ್ನು ಗದರಬೇಡಿ. ಅವರು ಸತ್ಯವನ್ನೇ ಬರೆದಿದ್ದಾರೆ.