ಮನೆಯಲ್ಲೇ ಇರುತ್ತಾರಲ್ಲ!

ಗಂಡಸರ ಹವ್ಯಾಸಗಳ ಮಾತು ಬಂದಾಗಲೆಲ್ಲ ನಮ್ಮ ಹೆಂಗಸರ ಬಾಯಲ್ಲಿ ಒಂದು ಮಾತು ಸಿದ್ಧವಾಗಿರುತ್ತದೆ: "ಹೋಗಲಿ ಬಿಡಿ, ಕುಡಿಯೋದಿಲ್ಲ, ಇಸ್ಪೀಟು ಆಡೋದಿಲ್ಲ, ಮನೆಯಲ್ಲೇ ಇರುತ್ತಾರಲ್ಲ!" ಮಡಿಕೇರಿಯಲ್ಲಿ ನಾಲ್ಕು ಜನ ಹೆಂಗಸರು ಸೇರಿದ ಕಡೆ ನಾನೂ ಈ ಮಾತನ್ನು ಎಷ್ಟೋ ಸಲ ಆಡಿದ್ದೇನೆ. ಈಗ ಅದು ಕಿವಿಗೆ ಬಿದ್ದರೆ ಮೈ ಉರಿಯುತ್ತದೆ. ಯಾಕೆಂದು ಹೇಳುತ್ತೇನೆ, ಕೇಳಿ.

2022ರ ಚಳಿಗಾಲವನ್ನು ನಾನು ಅಮೆರಿಕದ ಮಿನೆಸೋಟ ರಾಜ್ಯದ ಡುಲೂತಿನಲ್ಲಿ, ಮಗಳ ಮನೆಯಲ್ಲಿ ಕಳೆದೆ. ಸುಪೀರಿಯರ್ ಸರೋವರದ ದಂಡೆಯ ಊರು. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿ, ಸಂಜೆ ನಾಲ್ಕೂವರೆಗೇ ಕತ್ತಲು. ನವೆಂಬರಿನ ಜಿಂಕೆ ಬೇಟೆ ಮುಗಿದ ಮೇಲೆ ಅಲ್ಲಿ ಕೋವಿಯ ಹುಚ್ಚಿರುವ ಗಂಡಸರು ನೆಲಮಾಳಿಗೆಗೆ ಇಳಿಯುತ್ತಾರೆ. ಹೊಡೆದು ಖಾಲಿಯಾದ ತೋಟೆಗಳನ್ನು ಮತ್ತೆ ತುಂಬುತ್ತಾ ಚಳಿಗಾಲ ನೂಕುತ್ತಾರೆ. ಪಕ್ಕದ ಮನೆಯ ಮುದುಕಪ್ಪ ನಲವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದ. ನನ್ನ ಅಳಿಯ ಆತನ ಶಿಷ್ಯನಾದ.

ಕೋವಿ ಕಂಡು ಬೆಚ್ಚುವವಳು ನಾನಲ್ಲ. ಕೈಲ್ ಮುಹೂರ್ತದ ದಿನ ಕೋವಿಗೆ ತೋಕ್ ಪೂ ಏರಿಸಿ ಕೈಮುಗಿಯುವ ಮನೆಯಲ್ಲಿ ಬೆಳೆದವಳು. ಕೊಡವರಿಗೆ ಕೋವಿಯ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ ಮತ್ತೆ ಹತ್ತು ವರ್ಷ ಮುಂದುವರಿಸಿದಾಗ ಸಂತೋಷಪಟ್ಟವಳು. ನಮ್ಮಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿ. (ಹೆಣ್ಣು ಹುಟ್ಟಿದಾಗ ಯಾಕೆ ಸದ್ದಿಲ್ಲ ಎಂಬ ಜಗಳವನ್ನು ಇನ್ನೊಮ್ಮೆ ಆಡೋಣ.) ನನ್ನ ಅಪ್ಪನೂ ಕೇಪಿನ ಕೋವಿಗೆ ಮದ್ದು, ಚರೆ ತುಂಬುತ್ತಿದ್ದರು. ಆದರೆ ತುಂಬುತ್ತಿದ್ದುದು ಅಂಗಳದಲ್ಲಿ. ಮದ್ದಿನ ಡಬ್ಬಿ ಅಡಿಗೆಮನೆಯ ಹೊಸ್ತಿಲು ದಾಟಲು ಅವ್ವ ಬಿಡುತ್ತಿರಲಿಲ್ಲ.

ಅಳಿಯನ ಕೆಲಸವನ್ನು ನಾನು ಮೆಟ್ಟಿಲ ಮೇಲೆ ಕುಳಿತು ನೋಡಿದ್ದೇನೆ. ನೋಡಲು ಚೆನ್ನಾಗಿಯೇ ಇದೆ, ಸುಳ್ಳು ಹೇಳಬಾರದು. ಮಸಿ ಹಿಡಿದ ಹಿತ್ತಾಳೆಯ ಕೊಳವೆಗಳನ್ನು ಆಕ್ರೋಟು ಚಿಪ್ಪಿನ ಪುಡಿಯ ಜೊತೆ ಒಂದು ಪಾತ್ರೆಗೆ ಹಾಕಿ ಯಂತ್ರದಲ್ಲಿ ಗಂಟೆಗಟ್ಟಲೆ ಗಡಗಡ ಅಲುಗಿಸಿದರೆ ದೀಪಾವಳಿಯ ದೀಪಗಳ ಹಾಗೆ ಫಳಫಳ ಹೊಳೆಯುತ್ತವೆ. ಆಮೇಲೆ ಚಕ್ಕುಲಿ ಒತ್ತುವ ಹಾಗೆ ಹಿಡಿಕೆ ಒತ್ತಿದರೆ ಹಳೆಯ ಕೇಪು ಉದುರಿ, ಕೊಳವೆ ಮೊದಲಿನ ಅಳತೆಗೆ ಬರುತ್ತದೆ. ಹೊಸ ಕೇಪು, ತೂಗಿದ ಮದ್ದು, ಕೊನೆಗೆ ಬಾಯಿಗೆ ಗುಂಡು. ಮದ್ದು ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಗ್ರೇನ್ ಎಂದರೆ ಸುಮಾರು ಅರ್ಧ ಗುಲಗಂಜಿ ತೂಕ. ಮೈಮರೆತು ಎರಡು ಸಲ ಮದ್ದು ಸುರಿದರೆ ಕೋವಿಯೇ ಸಿಡಿದುಹೋಗಬಹುದು. ಅರ್ಧ ಗುಲಗಂಜಿ ಏರುಪೇರಾದರೆ ಸಹಿಸದ ಈ ಮನುಷ್ಯನಿಗೆ ಮಗುವಿನ ಬಾಟಲಿಗೆ ಎಷ್ಟು ಚಮಚ ಹಾಲಿನ ಪುಡಿ ಹಾಕಬೇಕೆಂಬುದು ಗೊತ್ತಿರಲಿಲ್ಲ!

ಗಡಗಡ ಯಂತ್ರ ಇದ್ದದ್ದು ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿ. ಮಗಳು ಅಲ್ಲೇ ಬಟ್ಟೆ ಮಡಚುವಾಗ ಹದಿಮೂರು ತಿಂಗಳ ಮೊಮ್ಮಗಳು ಅದೇ ನೆಲದ ಮೇಲೆ ಅಂಬೆಗಾಲಿಟ್ಟು, ಸಿಕ್ಕಿದ್ದನ್ನು ಬಾಯಿಗಿಡುತ್ತಿದ್ದಳು. ಸಾಮಾನ್ಯವಾಗಿ ಕೇಪಿನ ಮಸಾಲೆಯಲ್ಲಿ ಸೀಸ ಇರುತ್ತದೆ. ಗುಂಡು ಹಾರಿದ ಮೇಲೆ ಅದರ ಮಸಿ ಕೊಳವೆಯೊಳಗೆ ಉಳಿಯುತ್ತದೆ. ಒಣದಾಗಿ ಅಲುಗಿಸಿದರೆ ಕಣ್ಣಿಗೆ ಕಾಣದ ಧೂಳಾಗಿ ನೆಲದ ಮೇಲೆ, ಬಟ್ಟೆಯ ಮೇಲೆ ಕೂರುತ್ತದೆ. ಮಕ್ಕಳ ಮಿದುಳಿಗೆ ಇಷ್ಟು ಸೀಸ ಬಂದರೆ ತೊಂದರೆಯಿಲ್ಲ ಎನ್ನುವಂಥ ಅಳತೆಯೇ ಗೊತ್ತಿಲ್ಲ ಎನ್ನುತ್ತಾರೆ ವೈದ್ಯರು.

ನಾನು ಬಾಯಿಬಿಟ್ಟಾಗ ಮಗಳು ಹೇಳಿದ್ದೇನು ಗೊತ್ತೇ? "ಹೋಗಲಿ ಬಿಡವ್ವ, ಮನೆಯಲ್ಲೇ ಇರ್ತಾರಲ್ಲ." ನಾನು ಕಲಿಸಿದ ಪಾಠ ನನಗೇ ಒಪ್ಪಿಸಿದಳು.

ಮಗುವಿನ ರಕ್ತಪರೀಕ್ಷೆಯ ಉತ್ತರ ಬಂತು: ಸೀಸ 4. ಅಲ್ಲಿನ ರೋಗ ನಿಯಂತ್ರಣ ಕೇಂದ್ರ 2021ರಲ್ಲಿ ಎಚ್ಚರಿಕೆಯ ಗೆರೆಯನ್ನು ಡೆಸಿಲೀಟರ್ ರಕ್ತಕ್ಕೆ 5 ಮೈಕ್ರೋಗ್ರಾಮಿನಿಂದ 3.5ಕ್ಕೆ ಇಳಿಸಿದೆ. ಅಳಿಯ ತಕ್ಷಣ ಗೋಡೆ ತೋರಿಸಿದ. ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ನಿಷೇಧಿಸಿದ್ದು 1978ರಲ್ಲಿ, ಇವರ ಮನೆ ಅದಕ್ಕಿಂತ ಹಳೆಯದು. ಇರಬಹುದು. ಸೀಸ ಗೋಡೆಯದೋ ತೋಟೆಯದೋ ಎಂದು ರಕ್ತ ಹೇಳುವುದಿಲ್ಲ. ಆದರೆ ಎರಡರಲ್ಲಿ ಒಂದನ್ನು ಅಂದೇ ಸಂಜೆ ಹೊರಗೆ ಹಾಕಬಹುದಿತ್ತಲ್ಲ? ಬಾತುಕೋಳಿಗಳೂ ಅವನ್ನು ತಿನ್ನುವ ಹದ್ದುಗಳೂ ಸೀಸದಿಂದ ಸಾಯುತ್ತವೆಂದು ಆ ದೇಶ 1991ರಿಂದ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆ ಬಳಸದಂತೆ ಮಾಡಿದೆ. ಹದ್ದಿಗೆ ಕಾನೂನಿದೆ. ನೆಲಮಾಳಿಗೆಯಲ್ಲಿ ಅಂಬೆಗಾಲಿಡುವ ಕೂಸಿಗೆ ಅಜ್ಜಿಯೇ ಜಗಳವಾಡಬೇಕು.

ಪಕ್ಕದ ಮನೆಯ ಮುದುಕಮ್ಮನನ್ನೂ ಕೇಳಿದೆ. ಆಕೆಯೂ ಆಕೆಯ ಭಾಷೆಯಲ್ಲಿ ಅದೇ ಮಾತು ಆಡಿದರು. ಚಳಿಗಾಲ ಪೂರ್ತಿ ಗಂಡ ಕಣ್ಣಮುಂದೆಯೇ ಇರುತ್ತಾನಂತೆ. "ಆತನ ಅಂಗಿ ಒಗೆಯುವವರು ಯಾರು?" ಎಂದೆ. "ನಾನೇ, ಇನ್ಯಾರು?" ಎಂದು ನಕ್ಕರು.

ಅಕ್ಕತಂಗಿಯರೇ, ಗಂಡಸು ಮನೆಯಲ್ಲಿರುವುದು ನಮಗೆ ಮಾಡುವ ಉಪಕಾರ ಎಂದು ಒಪ್ಪಿಕೊಂಡವರು ಯಾರು? ಮನೆ ಅವನದೂ ಹೌದು. ಹಾಗಿದ್ದ ಮೇಲೆ ಅವನ ಹವ್ಯಾಸದ ಕಸವೂ ಅವನದೇ. ನಾನು ಹವ್ಯಾಸ ಬಿಡು ಎನ್ನಲಿಲ್ಲ. ಯಂತ್ರ ಮುದುಕಪ್ಪನ ಶೆಡ್ಡಿಗೆ ಹೋಗಲಿ, ಕೊಳವೆಗಳನ್ನು ನೀರು ಹಾಕಿ ತೊಳೆ, ಅಂಗಿ ಅಲ್ಲೇ ಬದಲಿಸು, ಬೇರೆಯಾಗಿ ನೀನೇ ಒಗೆ, ಕೈ ತೊಳೆಯದೆ ಮಗು ಮುಟ್ಟಬೇಡ ಎಂದೆ. ಮೂರು ದಿನ ಮಾತು ಬಿಟ್ಟ. ನಾಲ್ಕನೆಯ ದಿನ ಯಂತ್ರ ಎತ್ತಿಕೊಂಡು ಹಿಮದಲ್ಲಿ ನಡೆದ. ನೆಲಮಾಳಿಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದು ಮಾತ್ರ ನಾನು ಮತ್ತು ಮಗಳು. ಅದನ್ನೂ ಅವನಿಂದಲೇ ಮಾಡಿಸಬೇಕಿತ್ತು, ತಪ್ಪಿದೆ.

ಬೇಸಿಗೆಯಲ್ಲಿ ಮತ್ತೆ ಪರೀಕ್ಷೆ ಮಾಡಿಸಿದಾಗ ಸೀಸ 2ಕ್ಕೆ ಇಳಿದಿತ್ತು. ಗೋಡೆಯ ಬಣ್ಣದಿಂದಲೇ ಆದದ್ದು ಎಂದು ಅಳಿಯ ಈಗಲೂ ವಾದಿಸುತ್ತಾನೆ. ಆ ಬಣ್ಣ ಇನ್ನೂ ಗೋಡೆಯ ಮೇಲೇ ಇದೆ.