ಬೆರಳಿಗೆ ಎಷ್ಟು ಅಂಕ?

ನನ್ನ ಚಿಕ್ಕಮ್ಮ ಬೀಡಿ ಕಟ್ಟುತ್ತಿದ್ದವಳು. ಎಲೆಗೆ ಹೊಗೆಸೊಪ್ಪು ಹಾಕಿ ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿಯುವಾಗ ಅವಳ ಕಣ್ಣು ಟಿವಿಯ ಮೇಲಿರುತ್ತಿತ್ತು. ನೋಡುವ ಕೆಲಸವನ್ನೂ ಬೆರಳೇ ಮಾಡುತ್ತಿತ್ತು. ಸ್ತನದ ಗಡ್ಡೆ ಬೇಗ ಸಿಕ್ಕಿತು. ವಾರಕ್ಕೊಂದರಂತೆ 12 ಸಲ ಪ್ಯಾಕ್ಲಿಟಾಕ್ಸೆಲ್ ಎಂಬ ಕಿಮೋ ಮದ್ದು ಹಾಕಿದರು. ಆರನೆಯದಕ್ಕೇ ಬೆರಳು ಜೋಮು ಹಿಡಿಯಿತು. 'ಸ್ವಲ್ಪ ದಿನ ಇರ್ತದೆ ಅಮ್ಮಾ, ಹೋಗ್ತದೆ' ಅಂದರು ಆಸ್ಪತ್ರೆಯವರು. ಕ್ಯಾನ್ಸರ್ ಹೋಯಿತು, ಜೋಮು ಹೋಗಲಿಲ್ಲ. ಅವಳು ಕಟ್ಟಿದ ಬೀಡಿ ಈಗ ಬೀಡಿ ಕೊಳ್ಳುವ ಬ್ರಾಂಚಿನಲ್ಲಿ ರಿಜೆಕ್ಟ್.

ಮದ್ದೇ ಬೇಡ ಅನ್ನುವ ಮೂರ್ಖ ನಾನಲ್ಲ. ಅವಳು ಬದುಕಿರುವುದು ಅದರಿಂದಲೇ. ಕೋಶ ಒಡೆದು ಎರಡಾಗಲು ಬೇಕಾದ ಸೂಕ್ಷ್ಮ ಕೊಳವೆಗಳನ್ನು ಆ ಮದ್ದು ಸೆಟೆದು ನಿಲ್ಲುವಂತೆ ಮಾಡುತ್ತದೆ. ನರದೊಳಗೆ ಸರಕು ಸಾಗುವುದೂ ಅಂಥದೇ ಕೊಳವೆಗಳ ಮೇಲೆ. ಉದ್ದದ ನರಗಳು ಮೊದಲು ಸೊರಗುತ್ತವೆ, ಅದಕ್ಕೇ ಪಾದ, ಬೆರಳು. ಸಕ್ಕರೆ ಕಾಯಿಲೆಯವರಿಗೆ ಅಪಾಯ ಹೆಚ್ಚೆಂದು ವೈದ್ಯರಿಗೆ ಗೊತ್ತು. ಚಿಕ್ಕಮ್ಮನಿಗೆ ಸಕ್ಕರೆ ಇತ್ತು, ಫೈಲಿನಲ್ಲೂ ಇತ್ತು. ಹಾಗಾದರೆ ಮೊದಲೇ ಹೇಳಲು ಏನು ಧಾಡಿ?

ಯಾರಿಗೆ ಅಪಾಯ ಹೆಚ್ಚೆಂದು ಹುಡುಕಿದವರೂ ಇದ್ದಾರೆ. ಅಮೆರಿಕದಲ್ಲಿ ಕಪ್ಪು ಹೆಂಗಸರಿಗೆ ಈ ನರಹಾನಿ ಹೆಚ್ಚೆಂದು ದೊಡ್ಡ ಪ್ರಯೋಗವೊಂದರಲ್ಲಿ ಕಂಡಿತು. ಆಮೇಲೆ ಆರಂಭದ ಹಂತದ ಸ್ತನ ಕ್ಯಾನ್ಸರ್ ಇದ್ದ ಕಪ್ಪು ಹೆಂಗಸರನ್ನೇ ಸೇರಿಸಿಕೊಂಡು 'ಇಎಝಡ್171' ಎಂಬ ಪ್ರಯೋಗ ನಡೆಸಿದರು. ಯಾರ ನರ ಕೆಡುತ್ತದೆಂದು ವಂಶವಾಹಿ ನೋಡಿ ಹೇಳುವ ಆಸೆ ಅಲ್ಲಿ ಕೈಗೂಡಲಿಲ್ಲ. ಆದರೆ ವಾರವಾರದ ಪ್ಯಾಕ್ಲಿಟಾಕ್ಸೆಲ್ ಬದಲು ಮೂರು ವಾರಕ್ಕೊಮ್ಮೆ ಡೋಸಿಟಾಕ್ಸೆಲ್ ಕೊಟ್ಟವರಲ್ಲಿ ನರಹಾನಿ ಕಡಿಮೆಯಾಯಿತು. 2024ರಲ್ಲಿ ಹೊರಬಂದ ಫಲಿತಾಂಶ ಇದು. ಯಾರನ್ನು ಸಾಕಷ್ಟು ಎಣಿಸಿರಲಿಲ್ಲವೋ ಅವರನ್ನೇ ಕೂರಿಸಿ ಕೇಳಿದ್ದಕ್ಕೆ ಸಿಕ್ಕ ಉತ್ತರ.

ಇನ್ನು ಹಾನಿಯನ್ನು ಅಳೆಯುವ ಪಟ್ಟಿ ನೋಡಿ. ಜಗತ್ತೆಲ್ಲ ಬಳಸುವುದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಗ್ರೇಡುಗಳನ್ನು. ಅಡುಗೆ, ಅಂಗಡಿ, ಫೋನು, ದುಡ್ಡಿನ ವ್ಯವಹಾರ ಕಷ್ಟವಾದರೆ ಎರಡನೇ ಗ್ರೇಡು. ಸ್ನಾನ ಮಾಡಲು, ಬಟ್ಟೆ ಹಾಕಿಕೊಳ್ಳಲು ಆಗದಿದ್ದರೆ ಮೂರು. ಚಿಕ್ಕಮ್ಮ ಅನ್ನ ಬೇಯಿಸುತ್ತಾಳೆ, ಫೋನು ಎತ್ತುತ್ತಾಳೆ. ಹೊಟ್ಟೆಪಾಡು ಹೋಗಿದ್ದಕ್ಕೆ ಯಾವ ಗ್ರೇಡು ಸ್ವಾಮಿ? ಸೂಜಿಗೆ ದಾರ ಪೋಣಿಸುವ ಗಾರ್ಮೆಂಟ್ಸ್ ಹುಡುಗಿಗೆ, ಹೂ ಕಟ್ಟುವವಳಿಗೆ ಎಷ್ಟು ಅಂಕ?

ಮೊನ್ನೆ ಅವಳ ಫೈಲು ತೆರೆದೆ. ಸಕ್ಕರೆ, ಬಿಪಿ, ತೂಕ, ಎತ್ತರ ಎಲ್ಲ ಇದೆ. 'ಉದ್ಯೋಗ' ಎಂಬಲ್ಲಿ ಯಾರೋ ನೀಲಿ ಪೆನ್ನಲ್ಲಿ ಬರೆದಿದ್ದಾರೆ: ಗೃಹಿಣಿ.