ತಮಟೆಗೆ ಬೆಂಕಿ, ಚಿತ್ರಕ್ಕೆ ಬೆಳಕು

ರಾತ್ರಿ ಗಣೇಶನ ಮೆರವಣಿಗೆ ಹೊರಡುವ ಮುನ್ನ ಬೀದಿಬದಿಯಲ್ಲಿ ಕಾಗದ, ಹುಲ್ಲು ಉರಿಸಿ ತೊಗಲಿನ ತಮಟೆ ಕಾಯಿಸುತ್ತಾರೆ. ಬಿಸಿಗೆ ತೊಗಲು ಬಿಗಿಯಾಗಿ ನಾದ ಏರುತ್ತದೆ. ಬಾರಿಸುವವರ ಮುಖ ತೆಗೆಯಲು ಇದಕ್ಕಿಂತ ಒಳ್ಳೆಯ ಬೆಳಕಿಲ್ಲ.

ಫ್ಲ್ಯಾಶ್ ಬೇಡ, ಅದು ಬೆಂಕಿಯ ಬಣ್ಣ ಕೊಲ್ಲುತ್ತದೆ, ಎದುರಿದ್ದವರ ಕಣ್ಣು ಕುಕ್ಕುತ್ತದೆ. ಐಎಸ್‌ಒ 1600, ಅಪರ್ಚರ್ ಎಫ್ 2, ಷಟರ್ ವೇಗ ಸೆಕೆಂಡಿನ 1/60ರಿಂದ ಆರಂಭಿಸಿ. ಬಾರಿಸುವಾಗ ಮೇಲೆದ್ದ ಕೋಲು ಕೆಳಗಿಳಿಯುವ ಮುನ್ನ ಅರೆಗಳಿಗೆ ನಿಲ್ಲುತ್ತದೆ. ಕ್ಲಿಕ್ಕಿಸಬೇಕಾದ್ದು ಆಗಲೇ. ತಾಳ ಕಿವಿಗೆ ಹತ್ತಿದರೆ ಆ ಗಳಿಗೆ ತಾನಾಗಿ ತಿಳಿಯುತ್ತದೆ.

ತೆಗೆಯುವ ಮೊದಲು ಅವರನ್ನೊಂದು ಮಾತು ಕೇಳಿ. ಮೆರವಣಿಗೆಯಲ್ಲಿ ತಮಟೆ ಮುಂದೆ, ದೇವರು ಹಿಂದೆ. ಆಲ್ಬಮ್‌ನಲ್ಲಿ ಉಳಿಯುವುದು ಹೆಚ್ಚಾಗಿ ದೇವರ ಚಿತ್ರವೇ. ಬಾರಿಸಿದವರಿಗೂ ಒಂದು ಪ್ರತಿ ಮುಟ್ಟಿಸಿ.